ಅಡಿಟಿಪ್ಪಣಿ

ಸಿದ್ದಾಪುರದ ಪಂಚಾಯಿತಿ ಲೈಬ್ರರಿಗೆ ನಾಲ್ಕು ಕುರ್ಚಿ,
ಮನಸ್ಸು ಬಂದರೆ ಏಳುವ ಒಂದು ಕಂಪ್ಯೂಟರು,
ಕೀಲಿಗೊಂಚಲು ನನ್ನ ಸೊಂಟದಲ್ಲಿ.
ಬಾಗಿಲು ಹಾಕುವ ಹೊತ್ತಿಗೆ ಮೂವರು ಬಂದರು,
ಒಂಬತ್ತನೇ ಕ್ಲಾಸು, ಬೂಟಿನ ತುಂಬ ಕೆಸರು.
'ಮೇಡಂ, ಪ್ರಾಜೆಕ್ಟು.
ನಮ್ಮ ಕಡೆ ಮಳೆ ಕಡಿಮೆಯಾಗಿದೆಯಾ ಅಂತ.
ಎರಡು ಪುಟ ಸಾಕು.'

ದೇಚಮ್ಮನ ಕೈಯಲ್ಲಿ ಪ್ರಿಂಟು: ಹೌದು.
ಮುಫೀದಾಳ ಮೊಬೈಲಿನಲ್ಲಿ: ಇಲ್ಲ.
ಹೌದಿಗೂ ಇಲ್ಲಕ್ಕೂ ಒಂದೇ ಅಚ್ಚಿನ ಅಕ್ಷರ,
ಒಂದೇ ಧೈರ್ಯ.
ಮನೋಜ ಏನೂ ತಂದಿರಲಿಲ್ಲ.
ಲೈನ್‌ಮನೆಯ ಹುಡುಗ, ಪುಸ್ತಕಗಳ ಬೆನ್ನು ಸವರುತ್ತ
ಕಪಾಟಿನ ಪಕ್ಕ ನಿಂತಿದ್ದ.

ನಾನು ಹೇಳಿದೆ, ಮಳೆ ಆಮೇಲೆ ಬರೆಯೋಣ.
ಮೊದಲು, ಹೇಳಿದವರು ಯಾರು,
ಎಲ್ಲಿ ನಿಂತು ಹೇಳಿದರು,
ಅಳೆದದ್ದೋ, ಕೇಳಿದ್ದೋ.

ಮೇಜಿನಡಿಯಿಂದ ಹಳೇ ಪೇಪರಿನ ಕಟ್ಟು ಬಿಚ್ಚಿದೆ.
ಅಟ್ಟದಿಂದ ಉತ್ತಯ್ಯನವರ ಡೈರಿಗಳನ್ನು ಇಳಿಸಿದೆ.
ಮೂವತ್ತೆಂಟು ವರ್ಷ, ಮೂವತ್ತೆಂಟು ಡೈರಿ,
ಜಿರಲೆ ಗುಳಿಗೆಯ ವಾಸನೆ.
ದಿನಾ ಬೆಳಿಗ್ಗೆ ಎಂಟಕ್ಕೆ ಇಂಚು ಎಷ್ಟು, ಸೆಂಟು ಎಷ್ಟು.
ಹೂಮಳೆ ಬಿದ್ದ ದಿನ ಕೆಂಪು ಶಾಯಿ,
ಮಗಳ ಮದುವೆಯ ದಿನ ನೀಲಿ, ಅದೂ ಅರ್ಧ ಸಾಲು.

ವಾರವಿಡೀ ಕೂಡಿದರು. ಗ್ರಾಫಿನ ಹಾಳೆಗೆ ಹಾಳೆ ಅಂಟಿಸಿ
ನೆಲದ ಮೇಲೆ ಹರಡಿದರು.
ಇಪ್ಪತ್ತೆರಡನೇ ಡೈರಿಯಿಂದ ಗೆರೆ
ಇಳಿಯತೊಡಗಿತ್ತು, ಮೆತ್ತಗೆ, ಮೆಟ್ಟಿಲ ಮೇಲೆ ಮುದುಕನ ಹಾಗೆ.
'ಸಿಕ್ಕಿತು!' ಅಂದಳು ದೇಚಮ್ಮ, ಪೆನ್ನಿನಲ್ಲೇ ಬರೆದಳು.
ನಾನೂ ತಲೆಯಾಡಿಸಿಬಿಟ್ಟಿದ್ದೆ,
ಒಪ್ಪಿಕೊಳ್ಳಬೇಕು.

ಮುಫೀದ ಮಾತ್ರ ಸರ್ಕಾರಿ ಮಾಪನದ ಪಟ್ಟಿ ಹಿಡಿದು
ಬಾಯಿ ಬಿಗಿದು ಕೂತಿದ್ದಳು.
ಅದರಲ್ಲಿ ಗೆರೆ ಏರಿತ್ತು, ಇಳಿದಿತ್ತು,
ಹೀಗೆ ಸೋತಿರಲಿಲ್ಲ.
'ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ ಮೇಡಂ.'
ಇರಲಿಕ್ಕಿಲ್ಲ, ಅಂದೆ. ಹೋಗಿ ನೋಡೋಣ.

ಭಾನುವಾರ. ತೋಟದ ಕಣದಾಚೆ
ಕಟ್ಟೆಯ ಮೇಲೆ ಹಸಿರು ಹಿಡಿದ ತಾಮ್ರದ ಮಾಪಕ.
ಹುಡುಗಿಯರು ಬಗ್ಗಿ ಬಾಟಲಿಯೊಳಗೆ ಇಣುಕಿದರು,
ನಾನು ಕನ್ನಡಕ ಒರೆಸಿ ಬಗ್ಗಿದೆ.
ಮನೋಜ ತಲೆ ಎತ್ತಿದ.

ಮಾಪಕದ ನೆತ್ತಿಗೆ ಸರಿಯಾಗಿ
ಸಿಲ್ವರ್ ಮರದ ಕೊಂಬೆ,
ಆಕಾಶಕ್ಕೆ ಅಡ್ಡ ಹಿಡಿದ ಕೊಡೆ.
'ಇದು ನಮ್ಮಜ್ಜಿ ನೆಟ್ಟದ್ದು,' ಅಂದ,
ಏನೋ ತಪ್ಪೊಪ್ಪಿಕೊಂಡವನಂತೆ.

ಹದಿನಾಲ್ಕನೇ ಡೈರಿ, ಜೂನ್ ಒಂಬತ್ತು:
'ಮಾಪಕದ ಬಳಿ ಸಿಲ್ವರ್ ನಾಟಿ. ಆಳು ನಾಲ್ಕು. ನಲವತ್ತು ಸೆಂಟು.'
ಸೆಂಟಿಗೂ ಲೆಕ್ಕ ಇಟ್ಟ ಕೈ
ಹೆಸರಿಗೆ ಇಟ್ಟಿರಲಿಲ್ಲ.

ಚೋಮಿಯನ್ನು ಕೇಳಿದರೆ ನಕ್ಕಳು:
'ವರ್ಷ ಯಾರಿಗೆ ಗೊತ್ತು?
ಆನೆ ರೇಷನ್ ಅಂಗಡಿ ಬಾಗ್ಲು ಮುರ್ದಿತ್ತಲ್ಲ, ಆವಾಗ.
ಇವನಪ್ಪ ಹೊಟ್ಟೇಲಿ.'
ಓಡಿಬಂದು ಪುಟ ತಿರುವಿದರು.
ಜೂನ್ ಹನ್ನೊಂದು: 'ರಾತ್ರಿ ಆನೆ. ರೇಷನ್ ಅಂಗಡಿಯ ಬಾಗಿಲು ಹೋಯಿತು.'
ಮುಫೀದ ಚಪ್ಪಾಳೆ ತಟ್ಟಿದಳು,
ಲೈಬ್ರರಿಯಲ್ಲಿ, ನನ್ನ ಎದುರಿಗೇ. ನಾನು ಬೈಯಲಿಲ್ಲ.

ದೇಚಮ್ಮ ಬರೆದದ್ದಕ್ಕೆ ಬಿಳಿ ಬಳಿದು
ಅದರ ಮೇಲೆ ಮತ್ತೆ ಬರೆದಳು:
'ಈ ತೋಟದಲ್ಲಿ ಮಳೆ ಕಡಿಮೆಯಾಯಿತೋ ತಿಳಿಯದು.
ಮಾಪಕದ ಮೇಲೆ ಮರ ಬೆಳೆದದ್ದು ತಿಳಿದಿದೆ.'
ಕೆಳಗೆ, ಸಣ್ಣಕ್ಷರದಲ್ಲಿ, ಮನೋಜನ ಕೈಬರಹ:
'ಮರ ನೆಟ್ಟವರು ನಾಲ್ವರು. ಒಬ್ಬಳು ಚೋಮಿ.
ಆಧಾರ: ಅವಳೇ.'

ಮೇಷ್ಟ್ರು ಹತ್ತಕ್ಕೆ ಆರು ಕೊಟ್ಟರಂತೆ,
ಉತ್ತರ ಸ್ಪಷ್ಟವಿಲ್ಲ ಎಂದು.

ನಾನೊಂದು ಪ್ರತಿ ಇಟ್ಟುಕೊಂಡೆ.
ಡೈರಿಗಳ ಪಕ್ಕ, ಮೂವತ್ತೊಂಬತ್ತು ಎಂದು ಚೀಟಿ ಅಂಟಿಸಿ.
ಇಂದು ಸಂಜೆ ಮನೋಜ ಒಬ್ಬನೇ ಬಂದ,
ಬೂಟು ಹೊರಗೆ ಬಿಟ್ಟು.
ಕುರ್ಚಿ ಎಳೆದುಕೊಂಡು ಕೂತು ಕೇಳಿದ:
'ಮೇಡಂ, ಉಳಿದ ಮೂವರು
ಯಾವ ಪುಸ್ತಕದಲ್ಲಿರಬಹುದು?'